ಹ್ಯಾರಿಸನ್ ವೈಟ್ ಮೇಲೆ ಸೆಮಿನಾರ್ ಇದೆ, ನಮ್ಮ ಕಡೆಯ ಉದಾಹರಣೆ ಬೇಕು

ಸಪ್ತಾಪುರ_ಓದುಗ
ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಸಮಾಜಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಮುಂದಿನ ತಿಂಗಳು ಕ್ಲಾಸಿನಲ್ಲಿ ಸೆಮಿನಾರ್ ಕೊಡಬೇಕು. ನಾನು ಆರಿಸಿಕೊಂಡಿದ್ದು ಹ್ಯಾರಿಸನ್ ವೈಟ್ ಅವರ ಬದುಕು ಮತ್ತು ಕೆಲಸ.

ಹೆಸರು ಕೇಳದವರಿಗೆ ಸ್ವಲ್ಪ ಹೇಳುತ್ತೇನೆ. ಅಮೆರಿಕದ ಸಮಾಜಶಾಸ್ತ್ರಜ್ಞರು, ಜನರ ನಡುವಿನ ಸಂಬಂಧಗಳನ್ನು ಗಣಿತ ಹಾಕಿ ನೋಡಿದವರು. 1930ರಲ್ಲಿ ವಾಷಿಂಗ್ಟನ್‌ನಲ್ಲಿ ಹುಟ್ಟಿದವರು. ತಂದೆ ನೌಕಾಪಡೆಯಲ್ಲಿ ಡಾಕ್ಟರ್. ಹದಿನೈದನೇ ವಯಸ್ಸಿಗೇ ಎಂಐಟಿ ಸೇರಿದರು. 1955ರಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸಿದರು. ಅಲ್ಲಿದ್ದಾಗಲೇ ರಾಜ್ಯಶಾಸ್ತ್ರಜ್ಞ ಕಾರ್ಲ್ ಡಾಯ್ಚ್ ಅವರ ಕ್ಲಾಸಿಗೆ ಹೋಗಿ ಸಮಾಜದ ಕಡೆಗೆ ಮನಸ್ಸು ಹೊರಳಿತು. ಪ್ರಿನ್ಸ್‌ಟನ್‌ಗೆ ಹೋಗಿ 1960ರಲ್ಲಿ ಸಮಾಜಶಾಸ್ತ್ರದಲ್ಲಿ ಇನ್ನೊಂದು ಪಿಎಚ್.ಡಿ. ತಗೊಂಡರು. ಆಮೇಲೆ ಷಿಕಾಗೊ, 1963ರಿಂದ 1986ರವರೆಗೆ ಹಾರ್ವರ್ಡ್, ಕೊನೆಗೆ ಕೊಲಂಬಿಯಾ. 2024ರ ಮೇ ತಿಂಗಳಲ್ಲಿ ತೀರಿಕೊಂಡರು. 94 ವರ್ಷ ಆಗಿತ್ತು.

ತೊಂದರೆ ಏನೆಂದರೆ, ನಮ್ಮ ಕ್ಲಾಸಿನಲ್ಲಿ ಗಣಿತ ಅಂದ ಕೂಡಲೇ ಅರ್ಧ ಜನ ಫೋನ್ ತೆಗೆಯುತ್ತಾರೆ. ಪುಸ್ತಕದಲ್ಲಿರುವ ಉದಾಹರಣೆಗಳೆಲ್ಲ ಅಮೆರಿಕದ ಚರ್ಚು, ಆಸ್ಟ್ರೇಲಿಯದ ಬುಡಕಟ್ಟು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಉದಾಹರಣೆ ಹಾಕಿ ಹೇಳಿದರೆ ಕೇಳುತ್ತಾರೆ ಅನ್ನೋ ನಂಬಿಕೆ ನನಗಿದೆ. ಇನ್ನೊಂದು ಪ್ರಶ್ನೆಯೂ ಇದೆ. ಹೀಗೆ ನಮ್ಮ ಬದುಕನ್ನು ತಂದು ಅವರ ಲೆಕ್ಕದಲ್ಲಿ ಕೂರಿಸುವುದು ಸರಿಯೇ? ನಿಮ್ಮ ಅಭಿಪ್ರಾಯ ಹೇಳಿ.

ಗದಗ_ಗಣಿತ_ಮಾಸ್ತರ
ಒಳ್ಳೆಯ ವಿಷಯ ಹಿಡಿದಿದ್ದೀರಿ. ಉದಾಹರಣೆಗೆ ದೂರ ಹೋಗಬೇಡಿ. ಶಿಕ್ಷಕರ ವರ್ಗಾವಣೆ ತಗೊಳ್ಳಿ.

ವೈಟ್ 1970ರಲ್ಲಿ ಖಾಲಿ ಹುದ್ದೆಗಳ ಸರಪಳಿಯ ಬಗ್ಗೆ ಒಂದು ಪುಸ್ತಕ ಬರೆದರು. ಅದಕ್ಕೆ ಅವರು ಬಳಸಿದ್ದು ಎಪಿಸ್ಕೋಪಲ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಎಂಬ ಮೂರು ಪಂಗಡಗಳ ಪಾದ್ರಿಗಳ ಹಳೆಯ ದಾಖಲೆ. ಯಾವ ಪಾದ್ರಿ ಯಾವ ವರ್ಷ ಎಲ್ಲಿಂದ ಎಲ್ಲಿಗೆ ಹೋದರು ಅನ್ನೋದು ಅದರಲ್ಲಿತ್ತು. ಎಲ್ಲರೂ ಪಾದ್ರಿಯನ್ನು ನೋಡುತ್ತಿದ್ದರು. ವೈಟ್ ಪಾದ್ರಿ ಬಿಟ್ಟುಹೋದ ಖಾಲಿ ಜಾಗವನ್ನು ನೋಡಿದರು.

ನಮ್ಮಲ್ಲಿ ನೋಡಿ. ಗದಗ ಶಹರದ ಒಂದು ಶಾಲೆಯಲ್ಲಿ ಗಣಿತದ ಶಿಕ್ಷಕರು ನಿವೃತ್ತಿ ಆಗುತ್ತಾರೆ. ಆ ಜಾಗಕ್ಕೆ ಮುಂಡರಗಿಯಿಂದ ಒಬ್ಬರು ಬರುತ್ತಾರೆ. ಈಗ ಮುಂಡರಗಿ ಖಾಲಿ. ಅಲ್ಲಿಗೆ ಒಳಗಿನ ಹಳ್ಳಿಯಿಂದ ಇನ್ನೊಬ್ಬರು. ಈಗ ಆ ಹಳ್ಳಿ ಖಾಲಿ. ಅಲ್ಲಿಗೆ ಹೊಸ ನೇಮಕಾತಿಯ ಹುಡುಗ ಬಂದರೆ ಸರಪಳಿ ಮುಗಿಯಿತು. ಜನ ಹಳ್ಳಿಯಿಂದ ಶಹರಕ್ಕೆ ಸರಿದರು, ಖಾಲಿ ಜಾಗ ಶಹರದಿಂದ ಹಳ್ಳಿಗೆ ಸರಿಯಿತು. ವೈಟ್ ಲೆಕ್ಕ ಹಾಕಿದ್ದು ಈ ಖಾಲಿ ಜಾಗದ ಪ್ರಯಾಣವನ್ನು.

ಚಿಗರಿ_ಪ್ರಯಾಣಿಕ
ಅವ್ವ ಶಿಕ್ಷಕಿ. ಕೌನ್ಸೆಲಿಂಗ್ ಹಾಲ್ ಕಣ್ಣ ಮುಂದೆ ಬಂತು. ಪರದೆಯ ಮೇಲೆ ಖಾಲಿ ಜಾಗದ ಪಟ್ಟಿ. ಒಬ್ಬರು ಹೋಗಿ ಆರಿಸಿಕೊಂಡ ಕೂಡಲೇ ಅವರ ಹಳೆಯ ಶಾಲೆ ಪಟ್ಟಿಗೆ ಸೇರುತ್ತದೆ. ಹಿಂದೆ ಕೂತವರೆಲ್ಲ ಒಮ್ಮೆಗೇ ಪೆನ್ನು ತೆಗೆದು ಬರೆದುಕೊಳ್ಳುತ್ತಾರೆ.

ಹಾನಗಲ್ಲಿನವಳು
ಮಾಸ್ತರ ಹೇಳಿದ್ದು ಕೇಳೋಕೆ ಚೆಂದ. ಆದರೆ ಅಷ್ಟು ಸರಾಗವಾಗಿ ಎಲ್ಲಿ ನಡೆಯುತ್ತೆ? ಪತಿ-ಪತ್ನಿ ಪ್ರಕರಣ, ಕಾಯಿಲೆ, ಅಂಗವಿಕಲರು, ವಿಧವೆಯರು, ಇವರಿಗೆಲ್ಲ ಆದ್ಯತೆ ಇದೆ. ಶಹರದಿಂದ ಒಳಗಿನ ಹಳ್ಳಿಯವರೆಗೆ ಎ ವಲಯ, ಬಿ ವಲಯ, ಸಿ ವಲಯ ಅಂತ ಬೇರೆ. ನಾನು ಸಿ ವಲಯದ ಶಾಲೆಯಲ್ಲಿ ಓದಿದವಳು. ನಮಗೆ ಇಂಗ್ಲಿಷ್‌ಗೆ ಶಿಕ್ಷಕರೇ ಇರಲಿಲ್ಲ. ಬಂದವರು ವರ್ಗಾವಣೆ ಆಗಿ ಹೋದರು, ಆ ಜಾಗಕ್ಕೆ ಯಾರೂ ಬರಲಿಲ್ಲ. ಅತಿಥಿ ಶಿಕ್ಷಕರು ಜುಲೈ ಮುಗಿದ ಮೇಲೆ ಬರುತ್ತಿದ್ದರು. ನಿಮ್ಮ ಸರಪಳಿಯಲ್ಲಿ ನಮ್ಮ ಶಾಲೆ ಎಲ್ಲಿದೆ?

ಗದಗ_ಗಣಿತ_ಮಾಸ್ತರ
ತಂಗಿ, ನಿಮ್ಮ ಶಾಲೆ ಸರಪಳಿಯ ಕೊನೆಯಲ್ಲಿದೆ. ಈ ಲೆಕ್ಕದ ಉಪಯೋಗ ಇರೋದೇ ಅದನ್ನು ತೋರಿಸೋದರಲ್ಲಿ. ಶಹರದಲ್ಲಿ ಒಬ್ಬರು ನಿವೃತ್ತಿ ಆದರೆ ಆ ಖಾಲಿತನ ಇಳಿದು ಇಳಿದು ಕೊನೆಗೆ ಯಾರಿಗೂ ಬೇಡವಾದ ಊರಿಗೆ ಬಂದು ನಿಲ್ಲುತ್ತದೆ. ಹೊಸ ನೇಮಕಾತಿ ನಿಂತರೆ ಅದು ಅಲ್ಲಿಂದ ಹೊರಗೆ ಹೋಗೋದೇ ಇಲ್ಲ. ಶಹರದ ಶಾಲೆಯಲ್ಲಿ ಏನೂ ಕೊರತೆ ಕಾಣೋದಿಲ್ಲ. ಅದಕ್ಕೇ ಎಲ್ಲಿ ಕೊರತೆ ಹುಟ್ಟಿತು, ಎಲ್ಲಿ ಕಾಣಿಸಿಕೊಂಡಿತು, ಎರಡನ್ನೂ ಬೇರೆ ಬೇರೆ ನೋಡಬೇಕು.

ಲೆಕ್ಕ ಸಣ್ಣದು. ಖಾಲಿ ಆದ ಹತ್ತು ಜಾಗಗಳಲ್ಲಿ ನಾಲ್ಕಕ್ಕೆ ಹೊರಗಿನಿಂದ ಹೊಸಬರು ಬರುತ್ತಾರೆ, ಆರಕ್ಕೆ ಒಳಗಿನವರೇ ವರ್ಗವಾಗಿ ಬರುತ್ತಾರೆ ಎಂದುಕೊಳ್ಳಿ. ಪ್ರತಿ ಹಂತದಲ್ಲೂ ಸರಪಳಿ ಮುಗಿಯುವ ಸಂಭವ 0.4. ಹಾಗಾದರೆ ಸರಾಸರಿ ಉದ್ದ 1 ಭಾಗಿಸು 0.4, ಅಂದರೆ 2.5. ಒಂದು ನಿವೃತ್ತಿಯಿಂದ ಸರಾಸರಿ ಎರಡೂವರೆ ಜಾಗ ಖಾಲಿ ಆಗುತ್ತವೆ. ವೈಟ್ ಇದನ್ನು ಮೇಲಿನ ಹಂತ, ನಡುವಿನ ಹಂತ, ಕೆಳಗಿನ ಹಂತ ಅಂತ ಬಿಡಿಸಿ, ಮಾರ್ಕೋವ್ ಸರಪಳಿ, ಅಂದರೆ ಈಗಿನ ಹಂತ ನೋಡಿ ಮುಂದಿನ ಹಂತದ ಸಂಭವ ಹೇಳುವ ಲೆಕ್ಕ, ಹಾಕಿ ಮಾಡಿದರು. ಮೇಲೆ ಹುಟ್ಟಿದ ಸರಪಳಿ ಉದ್ದ, ಕೆಳಗೆ ಹುಟ್ಟಿದ್ದು ಗಿಡ್ಡ.

ಹಾನಗಲ್ಲಿನವಳು
ಹಾಗಾದರೆ ಹೊಸ ಹುದ್ದೆ ಕೊಡುವಾಗ ನೇರ ಹಳ್ಳಿಗೇ ಕೊಡಬೇಕು, ಅಲ್ವಾ? ಮೇಲೆ ಕೊಟ್ಟರೆ ಎಲ್ಲರಿಗೂ ಒಂದೊಂದು ಮೆಟ್ಟಿಲು ಸಿಗುತ್ತೆ, ಆದರೆ ಮಕ್ಕಳಿಗೆ ಶಿಕ್ಷಕರು ಸಿಗೋದು ತಡ.

ಗದಗ_ಗಣಿತ_ಮಾಸ್ತರ
ಸರಿಯಾಗಿ ಹೇಳಿದಿರಿ. ನೌಕರರ ಕಡೆಯಿಂದ ನೋಡಿದರೆ ಉದ್ದ ಸರಪಳಿ ಒಳ್ಳೆಯದು, ಮಕ್ಕಳ ಕಡೆಯಿಂದ ನೋಡಿದರೆ ಗಿಡ್ಡ ಸರಪಳಿ ಒಳ್ಳೆಯದು.

ವಿದ್ಯಾನಗರ_ಜೀವಶಾಸ್ತ್ರ
ಇದು ಮನುಷ್ಯರಿಗೆ ಮಾತ್ರ ಇರೋದಲ್ಲ. ಸಮುದ್ರದ ದಂಡೆಯಲ್ಲಿ ಖಾಲಿ ಶಂಖದೊಳಗೆ ವಾಸ ಮಾಡುವ ಏಡಿಗಳಿವೆಯಲ್ಲ, ಅವೂ ಹೀಗೇ. ದೊಡ್ಡ ಶಂಖ ಒಂದು ಖಾಲಿ ಸಿಕ್ಕರೆ ದೊಡ್ಡ ಏಡಿ ಅದಕ್ಕೆ ಹೋಗುತ್ತದೆ, ಅದು ಬಿಟ್ಟಿದ್ದಕ್ಕೆ ಅದಕ್ಕಿಂತ ಸಣ್ಣದು, ಹೀಗೇ. ಐವನ್ ಚೇಸ್ ಅನ್ನೋ ಸಮಾಜಶಾಸ್ತ್ರಜ್ಞರು ವೈಟ್ ಅವರ ಮಾದರಿಯನ್ನೇ ತಗೊಂಡು ಏಡಿಗಳಲ್ಲಿ ಪರೀಕ್ಷೆ ಮಾಡಿದ್ದಾರೆ. ಸೆಮಿನಾರಿನಲ್ಲಿ ಚಿತ್ರ ಹಾಕಿ. ಫೋನ್ ಒಳಗೆ ಇಡುತ್ತಾರೆ.

ಹಳೇ_ಹುಬ್ಬಳ್ಳಿ
ನನಗೆ ಇದರಲ್ಲಿ ಒಂದು ತಕರಾರಿದೆ. ಶಹರದ ಜಾಗಕ್ಕೆ ಎಲ್ಲರೂ ಬಡಿದಾಡುತ್ತಾರೆ, ಹಳ್ಳಿ ಖಾಲಿ ಉಳಿಯುತ್ತದೆ. ಇದು ಯಾವ ಕ್ಲರ್ಕನ್ನು ಕೇಳಿದರೂ ಹೇಳುತ್ತಾನೆ. ಮಾರ್ಕೋವ್ ಯಾಕೆ ಬೇಕು? ಸಮಾಜಶಾಸ್ತ್ರ ಅಂದರೆ ಊರಿಗೆ ಹೋಗಿ, ಜನರ ಜೊತೆ ಇದ್ದು, ಅವರ ಮಾತು ಕೇಳಿ ಬರೆಯೋದು. ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರನ್ನೇ ನೋಡಿ. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು ಅವರ ವರ್ಷಗಟ್ಟಲೆಯ ಟಿಪ್ಪಣಿ ಸುಟ್ಟುಹೋದವು. ಆದರೂ ನೆನಪಿನಿಂದಲೇ ಒಂದು ಹಳ್ಳಿಯನ್ನು ಪೂರ್ತಿ ಬರೆದರು. ಮ್ಯಾಟ್ರಿಕ್ಸ್, ಅಂದರೆ ಅಂಕಿಯ ಕೋಷ್ಟಕ, ಸುಟ್ಟುಹೋದರೆ ನೆನಪಿನಿಂದ ಬರೆಯೋಕೆ ಆಗುತ್ತಾ?

ಕೆಲಗೇರಿ_ಕೆರೆದಂಡೆ
ಹಳೇ ಹುಬ್ಬಳ್ಳಿ ಅಣ್ಣ, ಶ್ರೀನಿವಾಸ್ ಅವರ ಮೇಲೆ ನನಗೂ ಅಷ್ಟೇ ಗೌರವ. ಆದರೆ ಕ್ಲರ್ಕಿಗೆ ಗೊತ್ತಿರೋದು ಖಾಲಿ ಉಳಿಯುತ್ತೆ ಅನ್ನೋದು. ಎಷ್ಟು ನಿವೃತ್ತಿಗೆ ಎಷ್ಟು ಹಳ್ಳಿ ಖಾಲಿ ಆಗುತ್ತವೆ, ನೇಮಕಾತಿ ಅರ್ಧ ಮಾಡಿದರೆ ಏನಾಗುತ್ತೆ, ಇದನ್ನು ಅವನು ಹೇಳಲಾರ. ಲೆಕ್ಕ ಹಾಕಿದವರು ಹೇಳಬಲ್ಲರು. ಜೊತೆಗೆ, ವೈಟ್ ಜನರನ್ನು ಬರೀ ಅಂಕಿಗೆ ಇಳಿಸಿದವರಲ್ಲ. ಆ ಕಾಲದ ಸಮೀಕ್ಷೆಗಳು ವಯಸ್ಸು, ಶಿಕ್ಷಣ, ಆದಾಯ ಅಂತ ಕಾಲಂ ಮಾಡಿ ಎಣಿಸುತ್ತಿದ್ದವು. ಅವರಿಗೆ ಆ ಪದ್ಧತಿಯೇ ಸಾಲದು ಅನ್ನಿಸಿತ್ತು. ಒಬ್ಬರಿಗೊಬ್ಬರು ಹೇಗೆ ಸಂಬಂಧ ಇಟ್ಟುಕೊಂಡಿದ್ದಾರೆ ಅನ್ನೋದನ್ನು ಮೊದಲು ನೋಡಿ ಅಂತ ಹೇಳಿದರು. ಹಾರ್ವರ್ಡ್‌ನಲ್ಲಿ ಆಗ ದೊಡ್ಡ ಹೆಸರಿನ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ ಅವರ ಕಾಲ. ಅಲ್ಲೇ ಕೂತು ಬೇರೆ ದಾರಿ ಹಿಡಿಯೋಕೆ ಧೈರ್ಯ ಬೇಕು.

ಸಪ್ತಾಪುರ ಅವರೇ, ನೀವು ವೈಟ್ ಅವರ ಮೊದಲ ಪುಸ್ತಕ ಬಿಡಬೇಡಿ. 1963ರದು, ನೆಂಟಸ್ತಿಕೆಯ ಬೀಜಗಣಿತ. ನಮ್ಮ ಕಡೆಯವರಿಗೆ ಅದು ಬೇಗ ಹತ್ತುತ್ತದೆ. ಮೂರು ಬೆಡಗು, ಅಂದರೆ ಗೋತ್ರದ ಥರದ ಕುಲ, ಇವೆ ಎಂದುಕೊಳ್ಳಿ. ಮಕ್ಕಳು ತಂದೆಯ ಬೆಡಗಿಗೆ ಸೇರುತ್ತಾರೆ. ಒಂದನೇ ಬೆಡಗಿನ ಗಂಡು ಎರಡನೆಯದರಿಂದ ಹೆಣ್ಣು ತರಬೇಕು, ಎರಡನೆಯವನು ಮೂರರಿಂದ, ಮೂರನೆಯವನು ಒಂದರಿಂದ. ಇಷ್ಟೇ ನಿಯಮ.

ಈಗ ನಾನು ಒಂದನೇ ಬೆಡಗಿನವನು. ಅವ್ವ ಎರಡರವಳು. ಸೋದರಮಾವ ಎರಡು, ಅವನ ಮಗಳೂ ಎರಡು. ನಾನು ತರಬೇಕಾದದ್ದೂ ಎರಡರಿಂದಲೇ. ಸಂಬಂಧ ಕೂಡಿತು. ಈಗ ಸೋದರತ್ತೆ. ಅವಳು ಒಂದರವಳು, ಮದುವೆ ಆಗಿದ್ದು ಮೂರರವನನ್ನು, ಮಗಳು ಮೂರು. ಅಲ್ಲಿಂದ ನಾನು ತರುವಂತಿಲ್ಲ. ಚಿಕ್ಕಮ್ಮನ ಮಗಳು? ಚಿಕ್ಕಮ್ಮ ಎರಡು, ಅವಳ ಗಂಡ ಒಂದು, ಮಗಳು ಒಂದು. ನನ್ನದೇ ಬೆಡಗು, ತಂಗಿ. ಸೋದರಮಾವನ ಮಗಳು ನಡೆಯುತ್ತೆ, ಚಿಕ್ಕಮ್ಮನ ಮಗಳು ತಂಗಿ ಅನ್ನೋದನ್ನು ಯಾರೂ ಬೇರೆಯಾಗಿ ಹೇಳಿಲ್ಲ. ಆ ಒಂದು ನಿಯಮದಿಂದ ತಾನಾಗಿ ಬಂತು.

ಮುಳಗುಂದ_ನಾಕಾ
ಅಕ್ಕನ ಮಗಳು? ನಮ್ಮ ಕಡೆ ಮೊದಲು ಕೇಳೋದೇ ಅದು.

ಕೆಲಗೇರಿ_ಕೆರೆದಂಡೆ
ಮೂರು ಬೆಡಗಿನ ಲೆಕ್ಕದಲ್ಲಿ ಅಕ್ಕ ಮೂರರವನಿಗೆ ಹೋಗುತ್ತಾಳೆ, ಮಗಳು ಮೂರು. ನಡೆಯೋದಿಲ್ಲ. ಆದರೆ ಎರಡೇ ಬೆಡಗು ಇಟ್ಟುಕೊಂಡು ಒಬ್ಬರಿಗೊಬ್ಬರು ಹೆಣ್ಣು ಕೊಟ್ಟು ತರುತ್ತಾರೆ ಎಂದುಕೊಳ್ಳಿ. ಆಗ ಸೋದರಮಾವನ ಮಗಳು, ಸೋದರತ್ತೆಯ ಮಗಳು, ಅಕ್ಕನ ಮಗಳು ಮೂವರೂ ಎರಡನೇ ಬೆಡಗಿಗೇ ಬೀಳುತ್ತಾರೆ. ಮೂರೂ ನಡೆಯುತ್ತವೆ. ಚಿಕ್ಕಮ್ಮನ ಮಗಳು, ಕಾಕಾನ ಮಗಳು ಆಗಲೂ ಒಂದಕ್ಕೇ ಬಂದು ತಂಗಿಯರೇ ಆಗುತ್ತಾರೆ. ಹಾಳೆಯ ಮೇಲೆ ಹಾಕಿ ನೋಡಿ, ಎಷ್ಟು ಚೆಂದ ಕೂಡುತ್ತೆ!

ಹಾನಗಲ್ಲಿನವಳು
ಕೂಡುತ್ತೆ, ಒಪ್ಪಿದೆ. ಆದರೆ ಯಾವ ಊರಲ್ಲಿ ಎರಡೇ ಬೆಡಗು ಇವೆ? ನಮ್ಮ ಮನೆಗೆ ಆರೇಳು ಬೆಡಗಿನವರ ಜೊತೆ ಕೊಡೋದು ತರೋದು ಇದೆ. ಜೊತೆಗೆ ನಮ್ಮಲ್ಲಿ ಅದು ಕಡ್ಡಾಯ ಅಲ್ಲ, ಮನಸ್ಸಿದ್ದರೆ ಕೇಳುತ್ತಾರೆ. ಹೊಲ ಹೊರಗೆ ಹೋಗಬಾರದು, ಮಗಳು ಗೊತ್ತಿರೋ ಮನೆಯಲ್ಲಿರಲಿ ಅಂತ ಮಾಡುತ್ತಾರೆ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರ ಪುಸ್ತಕದಲ್ಲೇ ದಕ್ಷಿಣದ ಈ ಮೂರೂ ಸಂಬಂಧಗಳ ಬಗ್ಗೆ ಬರೆದಿದ್ದಾರೆ. ಅವರನ್ನು ಓದದೆ ಬರೀ ಮ್ಯಾಟ್ರಿಕ್ಸ್ ಹೇಳಬೇಡಿ.

ಸಪ್ತಾಪುರ_ಓದುಗ
ಮೇಡಂ, ಇದು ಬಹಳ ಮುಖ್ಯ. ವೈಟ್ ತಗೊಂಡದ್ದು ಮದುವೆಯ ನಿಯಮ ಕಡ್ಡಾಯ ಇರುವ ಸಮಾಜಗಳನ್ನು, ಆಸ್ಟ್ರೇಲಿಯದ ಕರಿಯೆರಾ ಥರದವರನ್ನು. ಆ ಲೆಕ್ಕದ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1949ರಲ್ಲಿ ಮಾನವಶಾಸ್ತ್ರಜ್ಞ ಲೆವಿ-ಸ್ಟ್ರಾಸ್ ಅವರ ನೆಂಟಸ್ತಿಕೆಯ ಪುಸ್ತಕಕ್ಕೆ ಆಂದ್ರೆ ವೇಯ್ ಅನ್ನೋ ಗಣಿತಜ್ಞರು ಒಂದು ಅನುಬಂಧ ಬರೆದುಕೊಟ್ಟಿದ್ದರು. ಕಡ್ಡಾಯ ಮತ್ತು ಇಷ್ಟ ಇವೆರಡರ ವ್ಯತ್ಯಾಸವನ್ನು ನಾನು ಬೇರೆ ಸ್ಲೈಡ್ ಮಾಡಿ ಹೇಳುತ್ತೇನೆ. ಕರ್ವೆಯವರನ್ನೂ ಸೇರಿಸುತ್ತೇನೆ.

ಚಿಗರಿ_ಪ್ರಯಾಣಿಕ
ರಕ್ತಸಂಬಂಧದ ಮದುವೆಯಿಂದ ಮಕ್ಕಳಿಗೆ ಆಗೋ ತೊಂದರೆ ಬಗ್ಗೆ ಯಾರೂ ಮಾತಾಡಲ್ವಾ?

ವಿದ್ಯಾನಗರ_ಜೀವಶಾಸ್ತ್ರ
ಮಾತಾಡಲೇಬೇಕಾದ ವಿಷಯ. ಅಪ್ಪ-ಅಮ್ಮ ಇಬ್ಬರಲ್ಲೂ ಒಂದೇ ದೋಷದ ಜೀನ್ ಇರುವ ಸಂಭವ ಜಾಸ್ತಿ ಆಗುತ್ತೆ. ಅಕ್ಕನ ಮಗಳ ವಿಷಯದಲ್ಲಿ ಸೋದರಮಾವನ ಮಗಳಿಗಿಂತ ಎರಡು ಪಟ್ಟು ಹತ್ತಿರದ ರಕ್ತ. ಆದರೆ ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ. ಇಲ್ಲಿ ವೈಟ್ ಮುಗಿಯಲಿ.

ಬ್ಯಾಡಗಿ_ಪ್ಯಾಟಿ
ವೈಟ್ ಮಾರುಕಟ್ಟೆ ಬಗ್ಗೆಯೂ ಬರೆದಿದ್ದಾರೆ, 1981ರಲ್ಲಿ. ಅದಕ್ಕೆ ನಮ್ಮ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗಿಂತ ಒಳ್ಳೆಯ ಉದಾಹರಣೆ ಬೇಕಾ? ಡಬ್ಬಿ, ಕಡ್ಡಿ ಅಂತ ಬೇರೆ ಬೇರೆ ರಾಶಿ. ಸೀಸನ್ನಿನಲ್ಲಿ ಬಂದು ನೋಡಿ, ಚೀಲದ ಸಾಲು ರಸ್ತೆಗೆ ಬಂದಿರುತ್ತೆ. ಖರೀದಿದಾರರು ಕಾಯಿ ಮುರಿದು, ಬಣ್ಣ ನೋಡಿ, ಟೆಂಡರ್ ಬರೆಯುತ್ತಾರೆ.

ಕೆಲಗೇರಿ_ಕೆರೆದಂಡೆ
ಬ್ಯಾಡಗಿ ಮಾರುಕಟ್ಟೆ ದೊಡ್ಡದು, ಆದರೆ ಈ ವಾದಕ್ಕೆ ಕೂಡೋದಿಲ್ಲ. ಟೆಂಡರ್ ಇರುವ ಕಡೆ ರೈತ ತಂದ ಮಾಲಿಗೆ ಖರೀದಿದಾರರು ದರ ಹೇಳುತ್ತಾರೆ. ವೈಟ್ ಇಂಥ ವಿನಿಮಯದ ಮಾರುಕಟ್ಟೆಯನ್ನು ಬೇರೆ ಇಟ್ಟರು. ಅವರು ಹೇಳಿದ್ದು ಉತ್ಪಾದಕರ ಮಾರುಕಟ್ಟೆಯ ಬಗ್ಗೆ. ಅಲ್ಲಿ ಕೆಲವೇ ಉತ್ಪಾದಕರು ಇರುತ್ತಾರೆ. ಗಿರಾಕಿಯ ಮನಸ್ಸಿನಲ್ಲಿ ಏನಿದೆ ಅನ್ನೋದು ಅವರಿಗೆ ನೇರ ಕಾಣೋದಿಲ್ಲ. ಅದಕ್ಕೇ ಒಬ್ಬರನ್ನೊಬ್ಬರು ನೋಡುತ್ತಾರೆ. ಅವನು ಎಷ್ಟು ಮಾಡಿದ, ಎಷ್ಟಕ್ಕೆ ಮಾರಿದ ಅಂತ ನೋಡಿ ತನ್ನ ಜಾಗ ಹುಡುಕಿಕೊಳ್ಳುತ್ತಾರೆ.

ಇದಕ್ಕೆ ಧಾರವಾಡ ಪೇಢೆಯೇ ಸರಿ. ಲೈನ್ ಬಜಾರಿನ ಕಡೆ ಒಂದು ಅಂಗಡಿ ಮುಂದೆ ಬೆಳಿಗ್ಗೆಯೇ ಪಾಳಿ ಹಚ್ಚಿ ನಿಲ್ಲುತ್ತಾರೆ, ಮಾಲು ಮುಗಿದರೆ ಮುಗಿಯಿತು. ಇನ್ನೊಂದು ಹೆಸರು ಊರ ತುಂಬ ಅಂಗಡಿ ತೆರೆದು ಬಸ್ ಸ್ಟ್ಯಾಂಡಿನಲ್ಲೂ ಸಿಗುತ್ತೆ. ಮೂರನೆಯದು ಕಿಲೋಗೆ ಕಡಿಮೆ ದರ ಇಟ್ಟು ಹಳ್ಳಿಯ ಮದುವೆಗಳನ್ನು ಹಿಡಿದಿದೆ. ಯಾರೂ ಇನ್ನೊಬ್ಬರ ಜಾಗಕ್ಕೆ ಕೈ ಹಾಕೋದಿಲ್ಲ. ಎಲ್ಲರ ಕಣ್ಣೂ ಎಲ್ಲರ ದರದ ಮೇಲೆ. ಹೀಗೆ ಒಬ್ಬರನ್ನೊಬ್ಬರು ನೋಡೋದರಿಂದಲೇ ಮಾರುಕಟ್ಟೆ ನಿಲ್ಲುತ್ತೆ ಅನ್ನೋದು ವೈಟ್ ಅವರ ಮಾತು.

ಬ್ಯಾಡಗಿ_ಪ್ಯಾಟಿ
ಟೆಂಡರಿನ ಮಾತು ಒಪ್ಪಿದೆ. ಆದರೆ ಕಾಯಿ ಕೊಂಡು ಪುಡಿ ಮಾಡಿ ಪೊಟ್ಟಣ ಕಟ್ಟಿ ಮಾರುವವರೂ ಬ್ಯಾಡಗಿಯಲ್ಲೇ ಇದ್ದಾರೆ. ಅವರು ಒಬ್ಬರನ್ನೊಬ್ಬರು ನೋಡಿಯೇ ದರ ಇಡೋದು. ಅವರನ್ನಾದರೂ ಸೇರಿಸಿ.

ಮುಳಗುಂದ_ನಾಕಾ
ಪಾಳಿ ಹಚ್ಚುವ ಪೇಢೆಗೆ ನನ್ನ ವೋಟು. ಬೇರೆ ಏನೂ ಹೇಳೋದಿಲ್ಲ.

ಗೋಕುಲ_ರೋಡ್_ಫಿಟ್ಟರ್
ವೈಟ್ ಅಂದರೆ ದೂರದ ಪರಿಚಯದವರಿಂದ ಕೆಲಸ ಸಿಗುತ್ತೆ ಅಂತ ಹೇಳಿದವರೇ ಅಲ್ವಾ? ನನ್ನ ವಿಷಯದಲ್ಲಿ ಅದು ನೂರಕ್ಕೆ ನೂರು ನಿಜ. ಐಟಿಐ ಮುಗಿಸಿ ಮನೆಯಲ್ಲಿ ಕೂತಿದ್ದೆ. ಕಾಕಾ, ಮಾವ, ದೋಸ್ತರು ಎಲ್ಲರಿಗೂ ಹೇಳಿ ಆಗಿತ್ತು. ಎಲ್ಲರಿಗೂ ಗೊತ್ತಿದ್ದದ್ದು ಅದೇ ಎರಡು ಫ್ಯಾಕ್ಟರಿ. ಒಂದು ದಿನ ಗದಗ ಪ್ಯಾಸೆಂಜರಿನಲ್ಲಿ ದೋಸ್ತನ ಭಾವನ ಜೊತೆ ಕೂತೆ. ಅದಕ್ಕೆ ಮುಂಚೆ ಒಂದು ಮದುವೆಯಲ್ಲಿ ನೋಡಿದ ಮುಖ, ಅಷ್ಟೇ. ಅಣ್ಣಿಗೇರಿ ದಾಟುವಷ್ಟರಲ್ಲಿ ಅವರು ತಮ್ಮ ಶೆಡ್ಡಿನಲ್ಲಿ ಲೇಥ್ ಮೇಲೆ ಜನ ಬೇಕು ಅಂದರು. ಸೋಮವಾರ ಕೆಲಸಕ್ಕೆ ಹೋದೆ.

ಗದಗ_ಗಣಿತ_ಮಾಸ್ತರ
ಬಹಳ ಒಳ್ಳೆಯ ಉದಾಹರಣೆ ತಮ್ಮಾ. ಆದರೆ ಅದನ್ನು ಬರೆದವರು ಮಾರ್ಕ್ ಗ್ರಾನೊವೆಟರ್. ವೈಟ್ ಅವರ ಹಾರ್ವರ್ಡ್ ವಿದ್ಯಾರ್ಥಿ. ಆ ಲೇಖನವನ್ನು ಮೊದಲು ಒಂದು ದೊಡ್ಡ ಪತ್ರಿಕೆ ತಿರಸ್ಕರಿಸಿತ್ತು, 1973ರಲ್ಲಿ ಇನ್ನೊಂದರಲ್ಲಿ ಬಂತು. ಮ್ಯಾಸಚೂಸೆಟ್ಸ್‌ನ ನ್ಯೂಟನ್ ಊರಿನಲ್ಲಿ ಕೆಲಸ ಬದಲಿಸಿದವರನ್ನು ಕೇಳಿ ಮಾಡಿದ್ದು. ಪರಿಚಯದವರಿಂದ ಕೆಲಸ ಹಿಡಿದವರಲ್ಲಿ 16.7% ಜನ ಮಾತ್ರ ಆ ಪರಿಚಯದವರನ್ನು ಆಗಾಗ ನೋಡುತ್ತಿದ್ದರು. 55.6% ಯಾವಾಗಲೋ ಒಮ್ಮೆ, 27.8% ಬಹಳ ಅಪರೂಪಕ್ಕೆ. ನಿಮ್ಮ ಕಾಕಾನಿಗೆ ಗೊತ್ತಿರೋದು ನಿಮಗೂ ಗೊತ್ತಿರುತ್ತೆ. ದೋಸ್ತನ ಭಾವನಿಗೆ ಗೊತ್ತಿರೋದು ಬೇರೆ.

ಹಳೇ_ಹುಬ್ಬಳ್ಳಿ
ಆ ಸಂಖ್ಯೆ ಸಣ್ಣದು. ಐವತ್ನಾಲ್ಕು ಜನರ ಮೇಲೆ ಹಾಕಿದ ಶೇಕಡಾ.

ಸಪ್ತಾಪುರ_ಓದುಗ
ಹೌದು ಸರ್, ಅದು ಐವತ್ನಾಲ್ಕು ಜನರದ್ದೇ. ಅದಕ್ಕೇ 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವನ್ನೂ ಸೇರಿಸುತ್ತೇನೆ. ಲಿಂಕ್ಡ್‌ಇನ್‌ನಲ್ಲಿ ಸುಮಾರು 2 ಕೋಟಿ ಜನರ ಮೇಲೆ ಪ್ರಯೋಗ ಮಾಡಿ ನೋಡಿದರು. ತೀರಾ ದೂರದವರಿಗಿಂತ ಸ್ವಲ್ಪ ಮಟ್ಟಿಗೆ ದೂರದ ಪರಿಚಯದವರಿಂದ ಕೆಲಸ ಸಿಗುವುದು ಜಾಸ್ತಿ ಅಂತ ಬಂತು. ದೋಸ್ತನ ಭಾವ ಸರಿಯಾಗಿ ಆ ಜಾಗದಲ್ಲೇ ಕೂರುತ್ತಾರೆ.

ಹಾನಗಲ್ಲಿನವಳು
ಫಿಟ್ಟರ್ ಅಣ್ಣನಿಗೆ ರೈಲಿನಲ್ಲಿ ಕೂತು ಮಾತಾಡೋ ಅವಕಾಶ ಇತ್ತು. ನನ್ನ ಜೊತೆ ಓದಿದ ಹುಡುಗಿಯರಿಗೆ ದೂರದ ಪರಿಚಯ ಅನ್ನೋದೇ ಇಲ್ಲ. ತವರುಮನೆ, ಗಂಡನ ಮನೆ, ಎರಡೂ ಹತ್ತಿರದ ಸಂಬಂಧ. ಸ್ವಸಹಾಯ ಸಂಘ ಬಂದ ಮೇಲೆ ಸ್ವಲ್ಪ ಬದಲಾಗಿದೆ. ಬೇರೆ ಓಣಿಯ, ಬೇರೆ ಜಾತಿಯ ಹೆಂಗಸರು ವಾರಕ್ಕೊಮ್ಮೆ ಸೇರುತ್ತಾರೆ. ಹೊಲಿಗೆ ಕೆಲಸ ಎಲ್ಲಿ ಸಿಗುತ್ತೆ ಅನ್ನೋದು ಅಲ್ಲಿಂದ ಗೊತ್ತಾಗುತ್ತೆ. ಇದನ್ನೂ ಹೇಳಿ.

ಹಳೇ_ಹುಬ್ಬಳ್ಳಿ
ಹಾನಗಲ್ಲಿನ ತಂಗಿ ಹೇಳಿದ್ದೇ ನನ್ನ ಮಾತು. ಗೆರೆ ಎಳೆದು ಸಂಬಂಧ ತೋರಿಸುತ್ತೀರಿ. ಆ ಗೆರೆ ಯಾರಿಗೆ ಎಳೆಯೋಕೆ ಬಿಡಲಿಲ್ಲ ಅನ್ನೋದು ಅದರಲ್ಲಿ ಕಾಣಲ್ಲ. ಜಾತಿ ಎಲ್ಲಿ ಬಂತು ಇವರ ಲೆಕ್ಕದಲ್ಲಿ?

ಕೆಲಗೇರಿ_ಕೆರೆದಂಡೆ
ಅದಕ್ಕೆ ಉತ್ತರ 1976ರ ಕೆಲಸದಲ್ಲಿದೆ ಅಣ್ಣ. ವೈಟ್, ಬೂರ್ಮನ್, ಬ್ರೈಗರ್ ಮೂವರೂ ಸೇರಿ ಬರೆದದ್ದು. ಒಂದು ಸಂಬಂಧವನ್ನಷ್ಟೇ ನೋಡೋದಿಲ್ಲ. ಯಾರು ಯಾರನ್ನು ಇಷ್ಟಪಡುತ್ತಾರೆ, ಯಾರನ್ನು ಗೌರವಿಸುತ್ತಾರೆ, ಯಾರನ್ನು ಕಂಡರೆ ಆಗೋದಿಲ್ಲ, ಒಂದೊಂದಕ್ಕೂ ಬೇರೆ ಕೋಷ್ಟಕ. ಎಲ್ಲವನ್ನೂ ಒಟ್ಟಿಗೆ ಇಟ್ಟು, ಒಂದೇ ಥರದ ಸಂಬಂಧ ಇರುವವರನ್ನು ಒಂದು ಗುಂಪು ಮಾಡುತ್ತಾರೆ. ಅವರು ಒಬ್ಬರಿಗೊಬ್ಬರು ಪರಿಚಯ ಇರಬೇಕಂತಿಲ್ಲ. ಅಮರಗೋಳ ಎಪಿಎಂಸಿಯ ಒಬ್ಬ ದಲಾಲರು, ಬ್ಯಾಡಗಿಯ ಒಬ್ಬ ದಲಾಲರು ಭೇಟಿ ಆಗದೇ ಇರಬಹುದು. ಇಬ್ಬರೂ ರೈತನಿಗೆ ಮುಂಗಡ ಕೊಡುತ್ತಾರೆ, ಇಬ್ಬರೂ ಖರೀದಿದಾರರಿಂದ ಹಣ ವಸೂಲಿ ಮಾಡುತ್ತಾರೆ. ಅವರ ಜಾಗ ಒಂದೇ.

ಮುಖ್ಯವಾದದ್ದು ಇನ್ನೂ ಇದೆ. ಕೋಷ್ಟಕವನ್ನು ಹಾಗೆ ಗುಂಪು ಮಾಡಿದಾಗ ಪೂರ್ತಿ ಸೊನ್ನೆ ಇರುವ ಚೌಕಗಳು ಸಿಗುತ್ತವೆ. ಈ ಗುಂಪಿನಿಂದ ಆ ಗುಂಪಿಗೆ ಒಂದೂ ಸಂಬಂಧ ಇಲ್ಲ ಅಂತ ಅರ್ಥ. ಆ ಸೊನ್ನೆಯ ಚೌಕಗಳೇ ಹೆಚ್ಚು ಹೇಳುತ್ತವೆ ಅನ್ನೋದು ಅವರ ವಾದ. ಹಳ್ಳಿಯಲ್ಲಿ ಯಾರು ಯಾರ ಮನೆಯಲ್ಲಿ ಊಟ ಮಾಡುತ್ತಾರೆ ಅಂತ ಒಂದು ಕೋಷ್ಟಕ ಹಾಕಿ. ಜಾತಿ ಅಂತ ಒಂದು ಕಾಲಂ ಬರೆಯದೇ ಇದ್ದರೂ ಸೊನ್ನೆಯ ಚೌಕಗಳಲ್ಲಿ ಅದು ಎದ್ದು ಕಾಣುತ್ತೆ. ಯಾರಿಗೆ ಗೆರೆ ಎಳೆಯೋಕೆ ಬಿಡಲಿಲ್ಲ ಅಂತ ಕೇಳಿದಿರಲ್ಲ, ಅದು ಅಲ್ಲೇ ಇದೆ.

ಹಳೇ_ಹುಬ್ಬಳ್ಳಿ
ಊಟದ ಕೋಷ್ಟಕದ ಮಾತು ಚೆನ್ನಾಗಿದೆ. ಆದರೆ ಆ ಕೋಷ್ಟಕ ತುಂಬೋಕೆ ಯಾರೋ ಆ ಓಣಿಗೆ ಹೋಗಿ ಕೂರಲೇಬೇಕು. ಯಾಕೆ ಸೊನ್ನೆ ಅನ್ನೋದನ್ನೂ ಕೇಳಬೇಕು. ಇಷ್ಟು ಒಪ್ಪಿಕೊಂಡರೆ ನಾನು ಜಗಳ ನಿಲ್ಲಿಸುತ್ತೇನೆ.

ಕೆಲಗೇರಿ_ಕೆರೆದಂಡೆ
ಅದನ್ನು ಯಾರೂ ಅಲ್ಲಗಳೆಯಲಿಲ್ಲ ಅಣ್ಣ. ಅವರು ಬಳಸಿದ ಒಂದು ಮುಖ್ಯ ದಾಖಲೆಯೇ ಸ್ಯಾಮ್ಸನ್ ಅನ್ನೋರು ಒಂದು ಕ್ರೈಸ್ತ ಮಠದಲ್ಲಿ ಇದ್ದು ನೋಡಿ ಬರೆದದ್ದು. ಹದಿನೆಂಟು ಜನ ಹೊಸ ಸನ್ಯಾಸಿಗಳ ನಡುವೆ ಒಡಕು ಬಂದು ಕೆಲವರನ್ನು ಹೊರಗೆ ಹಾಕಿದರು, ಕೆಲವರು ತಾವೇ ಬಿಟ್ಟುಹೋದರು. ಅಲ್ಲಿ ಹೋಗಿ ಕೂತವರು ಇಲ್ಲದಿದ್ದರೆ ಲೆಕ್ಕವೂ ಇರುತ್ತಿರಲಿಲ್ಲ.

ಸಪ್ತಾಪುರ_ಓದುಗ
ಎಲ್ಲರಿಗೂ ಧನ್ಯವಾದ. ಸೆಮಿನಾರಿಗೆ ಹೀಗೆ ಮಾಡುತ್ತೇನೆ. ವರ್ಗಾವಣೆಗೆ ಜಾಸ್ತಿ ಹೊತ್ತು, ಬೆಡಗಿನ ಲೆಕ್ಕ ಬೋರ್ಡಿನ ಮೇಲೆ, ಪೇಢೆ ಮತ್ತು ಊಟದ ಕೋಷ್ಟಕ ಚಿಕ್ಕದಾಗಿ. ಎರಡು ಪ್ರಶ್ನೆ ಉಳಿದಿವೆ. ವೈಟ್ ಅವರ 1992ರ ದೊಡ್ಡ ಪುಸ್ತಕ ಓದೋಕೆ ಕೂತರೆ ಒಂದು ಪುಟವೂ ತಲೆಗೆ ಹತ್ತುತ್ತಿಲ್ಲ. ಬಿಡಬಹುದಾ? ವರ್ಗಾವಣೆ ಸರಪಳಿಯನ್ನು ಕಲ್ಪನೆಯ ಬದಲು ನಿಜವಾದ ದಾಖಲೆಯಿಂದ ತೋರಿಸಬಹುದಾ?

ಕೆಲಗೇರಿ_ಕೆರೆದಂಡೆ
ಆ ಪುಸ್ತಕ ಕಷ್ಟ ಅಂತ ಅದನ್ನು ಮೆಚ್ಚಿದವರೂ ಹೇಳುತ್ತಾರೆ. 2008ರಲ್ಲಿ ಪೂರ್ತಿ ತಿದ್ದಿ ಬರೆದ ಆವೃತ್ತಿ ಬಂದಿದೆ, ಅದನ್ನು ಹಿಡಿಯಿರಿ. ಈಗ ಸಮಯ ಇಲ್ಲದಿದ್ದರೆ ಬಿಡಿ. 1970ರ ಪುಸ್ತಕದ ಮೊದಲ ಅಧ್ಯಾಯ ಮತ್ತು 1981ರ ಮಾರುಕಟ್ಟೆ ಲೇಖನ ಸಾಕು.

ಗದಗ_ಗಣಿತ_ಮಾಸ್ತರ
ದಾಖಲೆಯಿಂದ ತೋರಿಸಬಹುದು. ವರ್ಗಾವಣೆ ಆದೇಶದ ಪ್ರತಿ ನೋಡಿದ್ದೀರಾ? ಹೆಸರು, ಈಗಿನ ಶಾಲೆ, ಹೊಸ ಶಾಲೆ, ಪಕ್ಕದಲ್ಲಿ 'ಖಾಲಿ ಹುದ್ದೆಗೆ' ಅಥವಾ 'ಇಂಥವರ ಜಾಗಕ್ಕೆ' ಅಂತ ಇರುತ್ತೆ. ಆ ಕೊನೆಯ ಕಾಲಂ ಹಿಡಿದು ಹಿಂದಕ್ಕೆ ಹೋಗಿ. ಇವರು ಯಾರ ಜಾಗಕ್ಕೆ ಬಂದರು, ಅವರು ಯಾರ ಜಾಗಕ್ಕೆ ಹೋದರು ಅಂತ ಕೂಡಿಸುತ್ತಾ ಹೋದರೆ ಸರಪಳಿ ಸಿಗುತ್ತೆ. ಶಿಕ್ಷಕರ ಹೆಸರು ತೆಗೆದು ಊರಿನ ಹೆಸರು ಮಾತ್ರ ಇಡಿ. ಒಂದು ತಾಲ್ಲೂಕಿನದು ಸಾಕು. ಹಳೆಯ ಆದೇಶಗಳು ನನ್ನ ಹತ್ತಿರ ಕೆಲವು ಇವೆ. ರವಿವಾರ ಗದಗಿಗೆ ಬಂದರೆ ಕೂತು ಹಾಕೋಣ.

ಹಾನಗಲ್ಲಿನವಳು
ಸಪ್ತಾಪುರ ಅವರೇ, ಹಾಕುವಾಗ ಸರಪಳಿ ಕೊನೆಗೆ ನಿಂತ ಊರುಗಳನ್ನು ಬೇರೆ ಪಟ್ಟಿ ಮಾಡಿ. ಅದನ್ನು ಇಲ್ಲಿಯೂ ಹಾಕಿ. ಹಾವೇರಿ ಜಿಲ್ಲೆಯ ಆದೇಶ ಬೇಕಿದ್ದರೆ ನಾನು ಕೇಳಿ ಕಳಿಸುತ್ತೇನೆ.